ಹಿಂದಿನ ಸೀಟಿನ ಕಂಪು

ಅಜ್ಜಿ ಬದುಕಿದ್ದಾರೆ. ಬಲಗೈಯ ಎರಡು ಬೆರಳಿಗೆ ಹೊಸ ಚರ್ಮ ನಸುಗೆಂಪಗೆ ಬಂದಿದೆ, ಮತ್ತೆ ನೂಲು ಸುತ್ತಲು ಕೂತಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸಂಗತಿಯನ್ನು ಯಾರಿಗೆ ಹೇಳಲು ಹೊರಟರೂ ಅವರು ಅರ್ಧದಲ್ಲೇ ತಡೆದು, ‘ಮೊದಲು ಅಜ್ಜಿಗೆ ಏನಾಯಿತು ಹೇಳು’ ಎನ್ನುತ್ತಾರೆ. ಬದುಕಿದ್ದಾರೆ ಎಂದಕೂಡಲೇ ‘ಸದ್ಯ, ಬಿಡು’ ಎಂದು ನಿರಾಳವಾಗಿ ಚಹಾದ ಲೋಟ ಎತ್ತಿಕೊಳ್ಳುತ್ತಾರೆ. ನನಗೆ ಬಿಡಲು ಆಗಿಲ್ಲ. ಒಂದು ಹಳೆಯ ಕಾರು ಯಾಕೆ ಹೆಚ್ಚು ಪೆಟ್ರೋಲು ಕುಡಿಯುತ್ತಿದೆ ಎಂದು ಕಂಡುಹಿಡಿಯುವುದಷ್ಟೇ ನನ್ನ ಕೆಲಸವಾಗಿತ್ತು. ಆ ಕೆಲಸವನ್ನು ಕ್ರಮವಾಗಿ, ಓದಿದ್ದಕ್ಕೆ ತಕ್ಕಂತೆಯೇ ಮಾಡಿದೆ. ಹಾಗೆ ಮಾಡುತ್ತ ಮಾಡುತ್ತ ಆ ಅಜ್ಜಿಯನ್ನು ಬೆಂಕಿಯ ಹತ್ತಿರಕ್ಕೆ ಕರೆದುಕೊಂಡು ಹೋದೆ.

ಚಳ್ಳಕೆರೆಯ ನನ್ನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವವರು ಮೇಸ್ತ್ರಿ. ತೊಂದರೆ ಎಲ್ಲಿದೆ ಎಂದು ಹುಡುಕುವವಳು ನಾನು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು ಎಂಬ ಕಾರಣಕ್ಕೆ ಬೇರೆ ಕಡೆ ಪತ್ತೆಯಾಗದ ಗಾಡಿಗಳು ನನ್ನ ಹತ್ತಿರ ಬರುತ್ತವೆ. ಈ ಕಾರು ಬಂದದ್ದೂ ಹಾಗೆಯೇ. ಬೆಳ್ಳಿ ಬಣ್ಣ ಮಾಸಿ ಬೂದಿಯಂತಾಗಿದ್ದ, ಹದಿನೈದು ವರ್ಷ ದಾಟಿದ ಪುಟ್ಟ ಪೆಟ್ರೋಲ್ ಕಾರು. ಮಾಲೀಕರು ಮೊಳಕಾಲ್ಮೂರಿನ ನೇಕಾರರು. ತಾವು ನೇಯ್ದದ್ದು, ಬೀದಿಯವರು ನೇಯ್ದದ್ದು ಎಲ್ಲ ರೇಷ್ಮೆ ಸೀರೆಗಳನ್ನು ಗಂಟು ಕಟ್ಟಿ ಸೋಮವಾರ ಚಳ್ಳಕೆರೆಯ ಅಂಗಡಿಗಳಿಗೆ ಹಾಕುತ್ತಾರೆ, ಹಿಂತಿರುಗುವ ಮುಂಚೆ ಟ್ಯಾಂಕು ತುಂಬಿಸುತ್ತಾರೆ. ಜೊತೆಗೆ ಅವರ ತಾಯಿ. ಸೀರೆಯ ಗಂಟನ್ನು ಡಿಕ್ಕಿಗೆ ಹಾಕಲು ಆಕೆ ಬಿಡುವುದಿಲ್ಲ. ಹಿಂದಿನ ಸೀಟಿನಲ್ಲಿ ಗಂಟನ್ನು ಮೊಮ್ಮಗುವಿನಂತೆ ಪಕ್ಕದಲ್ಲಿ ಕೂರಿಸಿಕೊಂಡು, ಮೇಲೊಂದು ಕೈ ಇಟ್ಟುಕೊಂಡೇ ಬರುತ್ತಾರೆ.

‘ಮೇಡಂ, ಗಾಡಿ ಎಣ್ಣೆ ಕುಡಿಯೋಕೆ ಹತ್ತೈತೆ’ ಎಂದರು ಮಾಲೀಕರು. ‘ಮೊದ್ಲು ಟ್ಯಾಂಕ್ ಫುಲ್ ಮಾಡ್ಸಿದ್ರೆ ವಾರ ಪೂರ್ತಿ ಬರ್ತಿತ್ತು. ಈಗ ಗುರುವಾರಕ್ಕೇ ಮುಳ್ಳು ಮಲ್ಕಂಬಿಡ್ತೈತೆ.’

‘ಎಣ್ಣೆ ಕುಡಿಯೋದು ಗಾಡಿನೋ, ನೀವೋ ಅಣ್ಣಾ?’ ಎಂದರು ಮೇಸ್ತ್ರಿ.

ಹಿಂದಿನ ಕಿಟಕಿಯಿಂದ ಉತ್ತರ ಬಂತು. ‘ಅವ್ನು ಕುಡುದ್ರೆ ನಾನು ಮನೆಯಾಗೆ ಸೇರಿಸ್ತೀನಾ? ಗಾಡಿಗೆ ಬೈಯೋಕಾಗಲ್ಲ, ಅದ್ಕೇ ಇಲ್ಲಿಗೆ ಬಂದೀವಿ.’

ಎಲ್ಲರೂ ನಕ್ಕೆವು. ನಾನು ಬಾನೆಟ್ ಎತ್ತುವ ಮುಂಚೆ ಅಜ್ಜಿ ನನ್ನನ್ನು ಹತ್ತಿರ ಕರೆದರು. ‘ಅಮ್ಮಾ, ಇಲ್ಲಿ ನೋಡು. ಹಿಂದೆಲ್ಲಾ ಒಂದೇ ಕಂಪು. ಸೀರೆಗೆಲ್ಲಾ ಹತ್ತೈತೆ.’

ನಾನು ಒಳಗೆ ಬಗ್ಗಿ ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ಪರಿಮಳದ ಹೊಸ ಬಾಟಲಿ ಅಂಟಿಸಿದ್ದರು. ಅಜ್ಜಿಯ ತುರುಬಿನಲ್ಲೂ ಹೂವಿತ್ತು.

‘ಒಳ್ಳೇದೇ ಆಯ್ತಲ್ಲ ಅಜ್ಜಿ’ ಎಂದೆ. ‘ಉಟ್ಟೋರಿಗೆ ಖುಷಿಯಾಗ್ತದೆ.’

ಅಜ್ಜಿ ನನ್ನ ಮುಖವನ್ನೇ ನೋಡಿದರು. ಮಗನ ಕಡೆ ತಿರುಗಿ ತೆಲುಗಿನಲ್ಲಿ ಏನೋ ಅಂದರು. ಆತ ನಕ್ಕು, ‘ಅವ್ವಂದು ಬಿಡ್ರಿ ಮೇಡಂ, ದಿನಾ ಇದೇ’ ಎಂದರು. ನಮ್ಮದು ಹೊಸದುರ್ಗದ ಕಡೆಯ ಮನೆತನ. ಚಳ್ಳಕೆರೆಗೆ ಬಂದು ಇಷ್ಟು ವರ್ಷವಾದರೂ ತೆಲುಗು ಕಿವಿಗೆ ಬೀಳುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ‘ಏನಂದರು?’ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಬಾನೆಟ್ ಎತ್ತಿದೆ.

ಮೈಲೇಜ್ ಬರುತ್ತಿಲ್ಲ ಎಂದು ಬಂದ ಗಾಡಿಯನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಸುಲಭದ್ದು ಮೊದಲು, ಬಿಚ್ಚುವುದು ಆಮೇಲೆ. ಏರ್ ಫಿಲ್ಟರ್ ತೆಗೆದು ತಟ್ಟಿದರೆ ನಮ್ಮ ಸೀಮೆಯ ಕೆಂಪು ಧೂಳು ಹಿಡಿಯಷ್ಟು ಬಿತ್ತು. ಸ್ಪಾರ್ಕ್ ಪ್ಲಗ್ಗುಗಳ ತುದಿ ಸವೆದು ದುಂಡಗಾಗಿತ್ತು. ನಾಲ್ಕೂ ಟೈರಿನಲ್ಲಿ ಗಾಳಿ ಕಡಿಮೆ. ಹಿಂದಿನ ಎಡ ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು. ಬ್ರೇಕು ಹಿಡಿದುಕೊಂಡಿದೆ ಎಂದರ್ಥ. ಇಂಥ ಗಾಡಿ ಸದಾ ಏರಿನಲ್ಲೇ ಓಡಿದಂತೆ. ಮೇಸ್ತ್ರಿ ಚಕ್ರ ಬಿಚ್ಚಿ, ಡ್ರಮ್ ತೆಗೆದು, ಕಚ್ಚಿಕೊಂಡಿದ್ದ ಕೇಬಲನ್ನು ಬಿಡಿಸಿದರು. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದೆ.

ಆ ಟಾರ್ಚಿನ ಬೆಳಕು ಈಗಲೂ ಕಣ್ಣ ಮುಂದಿದೆ. ಚಕ್ರದ ಹಿಂದೆ, ಪೆಟ್ರೋಲ್ ಟ್ಯಾಂಕಿನ ಪಕ್ಕೆಯ ಮೇಲೆ, ಸುತ್ತಲೂ ಧೂಳು ಗಟ್ಟಿಯಾಗಿ ಕೂತಿದ್ದ ಕಡೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಒರೆಸಿದಂತೆ ಚೊಕ್ಕಟವಾಗಿತ್ತು. ಎಣ್ಣೆಯ ಸೋರಿಕೆಯಾದರೆ ಕಪ್ಪಗೆ ಜಿಡ್ಡು ಹಿಡಿಯುತ್ತದೆ, ಧೂಳು ಅಂಟುತ್ತದೆ. ಪೆಟ್ರೋಲು ಹಾಗಲ್ಲ. ತೊಳೆದು, ಆರಿ, ಗುರುತಿಲ್ಲದೆ ಹೋಗುತ್ತದೆ. ಕೊಳಕನ್ನು ಹುಡುಕಲು ಕಲಿತ ಕಣ್ಣು ನನ್ನದು. ಚೊಕ್ಕಟವಾಗಿದ್ದ ಜಾಗದ ಮೇಲೆ ನಿಲ್ಲದೆ ಮುಂದಕ್ಕೆ ಹೋಯಿತು. ಟ್ಯಾಂಕಿನಲ್ಲಿ ಆಗ ಪೆಟ್ರೋಲು ತಳದಲ್ಲಿತ್ತು, ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ಇನ್ನು ವಾಸನೆ. ಗ್ಯಾರೇಜಿನಲ್ಲಿ ದಿನವಿಡೀ ಇರುವವರಿಗೆ ಪೆಟ್ರೋಲಿನ ವಾಸನೆ ವಾಸನೆಯೇ ಅಲ್ಲ.

ಮುಂದಿನ ಸೋಮವಾರ ಅವರು ಮತ್ತೆ ಬಂದರು. ‘ಗಾಡಿ ಹಗುರ ಆಗೈತೆ ಮೇಡಂ, ಹೂವಿನಂಗೆ ಓಡ್ತೈತೆ. ಆದ್ರೆ ಮುಳ್ಳು ಮಾತ್ರ ಹಂಗೇ ಬೀಳ್ತೈತೆ.’

ನನಗೆ ಪಿಚ್ಚೆನಿಸಿತು. ಅಷ್ಟೆಲ್ಲ ಸರಿಪಡಿಸಿದ ಮೇಲೆ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕಿತ್ತು. ಇಂಜಿನ್ನಿನ ಒಳಲೆಕ್ಕ ತೋರಿಸುವ ಸ್ಕ್ಯಾನರ್ ಜೋಡಿಸಿ ನಾನೇ ಅವರ ಜೊತೆ ಮೊಳಕಾಲ್ಮೂರಿನವರೆಗೆ ಹೋಗಿಬರುವುದೆಂದು ತೀರ್ಮಾನಿಸಿದೆ. ನಿಂತ ಗಾಡಿ ಸುಳ್ಳು ಹೇಳಬಹುದು, ಓಡುವ ಗಾಡಿ ಹೇಳುವುದಿಲ್ಲ. ಅವರು ಎಂದಿನಂತೆ ಟ್ಯಾಂಕು ತುಂಬಿಸಿಕೊಂಡರು. ನಾನು ಮುಂದಿನ ಸೀಟಿನಲ್ಲಿ, ಅಜ್ಜಿ ಹಿಂದೆ.

ತಳಕು ದಾಟುವ ಹೊತ್ತಿಗೆ ಇಂಜಿನ್ ಚೆನ್ನಾಗಿ ಬಿಸಿಯಾಗಿ, ಸ್ಕ್ಯಾನರಿನ ಅಂಕಿಗಳು ಸ್ಥಿರವಾಗಿ ನಿಂತವು. ಇಂಜಿನ್ನಿನ ಬಿಸಿ ಸರಿಯಾಗಿದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಚುರುಕಾಗಿದೆ. ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಲೆಕ್ಕ ಸೊನ್ನೆಯ ಆಸುಪಾಸಿನಲ್ಲೇ ಇದೆ. ಅಂದರೆ ಇಂಜಿನ್ ತನಗೆ ಬೇಕಾದಷ್ಟನ್ನೇ ಕುಡಿಯುತ್ತಿದೆ, ಒಂದು ಗುಟುಕೂ ಹೆಚ್ಚಿಲ್ಲ. ಕೊಂಡ್ಲಹಳ್ಳಿ ಕ್ರಾಸಿನ ಹತ್ತಿರ ನಾನು ಕನ್ನಡಿಯಲ್ಲಿ ನೋಡಿದಾಗ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಧೂಳಿಗೆ ಎಂದುಕೊಂಡೆ.

‘ತಲೆ ತಿರುಗ್ತೈತೆ ಕಣಮ್ಮಾ, ಈ ಕಂಪಿಗೆ.’

‘ಅವ್ವಾ, ಸುಮ್ಕಿರೇ. ಮೇಡಮ್ಮೋರು ಕೆಲ್ಸ ಮಾಡ್ತಾವ್ರೆ.’

‘ಇಲ್ಲ ಅಣ್ಣ, ಕೆಲವರಿಗೆ ಆಗಿಬರಲ್ಲ’ ಎಂದೆ ನಾನು. ಬಹಳ ಅರ್ಥಮಾಡಿಕೊಂಡವಳಂತೆ ಡ್ಯಾಶ್‌ಬೋರ್ಡಿನ ಮಲ್ಲಿಗೆ ಬಾಟಲಿಯನ್ನು ಕಿತ್ತು, ಮುಚ್ಚಳ ಬಿಗಿದು, ನನ್ನ ಚೀಲಕ್ಕೆ ಹಾಕಿಕೊಂಡೆ. ‘ಈಗ ಸರಿಹೋಗ್ತದೆ ನೋಡಿ ಅಜ್ಜಿ.’

ಅಜ್ಜಿ ಮತ್ತೆ ಕಿಟಕಿಯ ಕಡೆ ತಿರುಗಿದರು. ಬೆಂಕಿ ಬಿದ್ದ ದಿನದವರೆಗೆ ಕಂಪಿನ ಮಾತನ್ನು ಅವರು ನನ್ನ ಹತ್ತಿರ ಎತ್ತಲೂ ಇಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ಅಂದೇ ನಿರ್ಧರಿಸಿದ್ದಿರಬೇಕು.

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಮಾಡಿದ ಯೋಚನೆ ಹೀಗಿತ್ತು. ಇಂಜಿನ್ ಕುಡಿಯುತ್ತಿಲ್ಲ. ಆದರೂ ಪೆಟ್ರೋಲು ಖಾಲಿಯಾಗುತ್ತಿದೆ. ಇಷ್ಟು ತಿಳಿದವರು ಮುಂದೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಹಾಗಾದರೆ ಅದು ಹೋಗುತ್ತಿರುವುದು ಎಲ್ಲಿಗೆ? ನಾನು ಕೇಳಿದ್ದು, ತಪ್ಪು ಯಾರದು ಎಂದು. ಬಂಕಿನವರು ಕಡಿಮೆ ಹಾಕುತ್ತಿರಬಹುದು, ಮುಳ್ಳು ತಪ್ಪು ತೋರಿಸುತ್ತಿರಬಹುದು, ಆಕ್ಸಿಲರೇಟರ್ ಮೇಲೆ ಮಾಲೀಕರ ಕಾಲು ಭಾರವಿರಬಹುದು. ಮೇಸ್ತ್ರಿಗೆ ಬಂಕಿನ ಮೇಲೆ ಅನುಮಾನ, ನನಗೆ ಕಾಲಿನ ಮೇಲೆ. ಅನುಮಾನ ಬಗೆಹರಿಸಲು ಒಂದು ಪರೀಕ್ಷೆ ಇದೆ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ಗೊತ್ತಿರುವಷ್ಟು ದೂರ ಓಡಿಸಿ, ಮತ್ತೆ ಅದೇ ಕತ್ತಿನವರೆಗೆ ತುಂಬಿಸುವುದು. ಎರಡನೇ ಸಲ ಹಿಡಿದ ಪೆಟ್ರೋಲೇ ಖರ್ಚಾದ ಪೆಟ್ರೋಲು. ಬಂಕಿನ ಪೈಪು ತಾನಾಗಿ ನಿಂತ ಮೇಲೆ ತುಂಬಬಾರದು, ಬಿಸಿಲಿಗೆ ಪೆಟ್ರೋಲು ಹಿಗ್ಗಲು ಜಾಗ ಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ಅಳತೆ ಕರಾರುವಾಕ್ಕಾಗಿ ಬರಬೇಕೆಂಬ ಹಟ.

ಮೂರನೆಯ ಸೋಮವಾರ ಚಳ್ಳಕೆರೆಯ ಬಂಕಿನಲ್ಲಿ ನಾನೇ ನಿಂತು ತುಂಬಿಸಿದೆ. ಪೈಪು ಟಕ್ ಎಂದು ನಿಂತ ಮೇಲೂ, ಮಾಲೀಕರ ಜೊತೆ ಸೇರಿ ಗಾಡಿಯನ್ನು ಪಕ್ಕಕ್ಕೆ ಅಲ್ಲಾಡಿಸಿ, ಗುಳ್ಳೆ ಕೂತ ಮೇಲೆ ಇನ್ನಷ್ಟು ಹಾಕಿಸಿದೆ. ಬಾಯಿಯ ಅಂಚಿನಲ್ಲಿ ಪೆಟ್ರೋಲು ಮಿನುಗುವವರೆಗೆ. ಎಸಿ ಬೇಡವೆಂದೆ, ನೂರಾರು ಸಲ ಬ್ರೇಕು ತುಳಿಯಬೇಡಿ ಎಂದೆ, ಒಂದೇ ಹದದಲ್ಲಿ ಓಡಿಸಿ ಎಂದೆ. ಆ ಮನುಷ್ಯ ಪರೀಕ್ಷೆ ಬರೆಯುವವರಂತೆ ಮೈ ಬಿಗಿಹಿಡಿದು, ಮೊಳಕಾಲ್ಮೂರಿಗೆ ಮುಂಚಿನ ಹಾನಗಲ್ ದಾಟುವವರೆಗೂ ಒಂದು ಮಾತಾಡದೆ ಓಡಿಸಿದರು. ಅಷ್ಟು ಹಗುರವಾದ ಕಾಲನ್ನು ನಾನು ಈ ರಸ್ತೆಯಲ್ಲಿ ಕಂಡಿಲ್ಲ.

ಮೊಳಕಾಲ್ಮೂರಿನ ಬಂಕಿನಲ್ಲಿ ಮತ್ತೆ ಕತ್ತಿನವರೆಗೆ ತುಂಬಿಸಿದೆವು. ಮೀಟರು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಓಡುತ್ತಲೇ ಇತ್ತು. ಹಿಂದಿನ ಎಲ್ಲ ವಾರಗಳಿಗಿಂತ ಕೆಟ್ಟ ಫಲಿತಾಂಶ.

‘ಈಗೇನಂತೀರಿ ಮೇಡಂ?’ ಮಾಲೀಕರ ದನಿಯಲ್ಲಿ ಕೋಪವಿರಲಿಲ್ಲ. ‘ನನ್ ಕಾಲ್ನೂ ನೋಡಿದ್ರಿ.’

ಹಿಂದಿನಿಂದ ಅಜ್ಜಿ, ‘ದಿಷ್ಟಿ ಆಗೈತೆ ಕಣೋ. ಬೀದಿಯಾಗೆ ಎಲ್ರ ಕಣ್ಣೂ ಈ ಗಾಡಿ ಮ್ಯಾಲೇ ಐತೆ’ ಎಂದರು.

‘ಈ ತಗಡಿನ ಮ್ಯಾಲೆ ಯಾರ್ ಕಣ್ಣ್ ಹಾಕ್ತಾರವ್ವಾ!’

ಸೋತವಳಿಗೆ ನಗು ಸುಲಭದ ದಾರಿ. ನಾನೆಂದೆ, ‘ನಂದೆಲ್ಲಾ ಮುಗೀತು ಅಜ್ಜಿ. ಇನ್ನು ನಿಮ್ಮ ಕೈಲಿ ಬಿಟ್ಟೆ. ಮನೆಗೆ ಹೋದ ತಕ್ಷಣ ದೃಷ್ಟಿ ತೆಗೆದುಬಿಡಿ. ಹಾಗೇ ನನ್ನ ಸ್ಕ್ಯಾನರಿಗೂ ಒಂದು ಸುತ್ತು.’

ತಮಾಷೆಗೆ ಅಂದದ್ದು. ಅಜ್ಜಿ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಓದಿದ ಹುಡುಗಿಯೇ ಒಪ್ಪಿದಳಲ್ಲ ಎಂದು ಅವರ ಮುಖ ಅರಳಿತು.

ಅವರ ಮನೆಯ ಬೀದಿ ಸ್ವಲ್ಪ ಇಳಿಜಾರು. ಕಾರು ನಿಂತಾಗ ಎಡಕ್ಕೆ ಕೊಂಚ ವಾಲಿತ್ತು. ಪೆಟ್ರೋಲು ತುಂಬುವ ಬಾಯಿ ಇರುವುದೂ ಆ ಕಡೆಗೇ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು. ಮನೆಮನೆಯಿಂದ ಮಗ್ಗದ ಸದ್ದು. ಎದುರುಮನೆಯಾಕೆ ಕಪ್ಪು ಕಂಬಳಿ ಹಾಸಿ ಅದರ ಮೇಲೆ ಶೇಂಗಾ ಒಣಹಾಕಿ, ಕೋಳಿ ಓಡಿಸುತ್ತ ಕೂತಿದ್ದರು. ಮಾಲೀಕರು ಉಳಿದ ಸೀರೆಗಳ ಗಂಟು ಎತ್ತಿಕೊಂಡು ಒಳಗೆ ಹೋದರು. ನಾನು ಕಾರಿನ ಮುಂದೆ ನಿಂತು ಸ್ಕ್ಯಾನರಿನ ಅಂಕಿಗಳನ್ನು ಮತ್ತೊಮ್ಮೆ ತಿರುವಿ ನೋಡುತ್ತಿದ್ದೆ.

ಅಜ್ಜಿ ತಟ್ಟೆ ಹಿಡಿದು ಬಂದರು. ನಿಂಬೆಹಣ್ಣು, ಒಣಮೆಣಸಿನಕಾಯಿ, ಕುಂಕುಮ, ಉರಿಯುವ ಕರ್ಪೂರ. ಕಾರಿನ ಸುತ್ತ ಬರುತ್ತ ಏನೋ ಗುನುಗುತ್ತಿದ್ದರು. ಎದುರುಮನೆಯಾಕೆ ಕೂತಲ್ಲಿಂದಲೇ, ‘ಏನ್ ಅತ್ತೇ, ಗಾಡಿಗೆ ಮದ್ವೇನಾ?’ ಎಂದು ಕೂಗಿದರು. ‘ನಿನ್ ಕಣ್ಣಿಗೇ ಕಣೇ ತೆಗೀತಿರೋದು’ ಎಂದರು ಅಜ್ಜಿ. ನಾನು ನಗುತ್ತಲೇ ತಲೆಯೆತ್ತಿದೆ.

ಹಿಂದಿನ ಎಡ ಚಕ್ರದ ಹತ್ತಿರ ಮಣ್ಣು ಒದ್ದೆಯಾಗಿ ಕಪ್ಪಗಿತ್ತು. ಎಸಿ ನೀರು ಎಂದು ಮನಸ್ಸು ಅಂದಿತು. ಎಸಿಯ ನೀರು ಬೀಳುವುದು ಮುಂದೆ. ಅದೂ ಅಲ್ಲದೆ, ಎಸಿ ಹಾಕಬೇಡಿ ಎಂದವಳು ನಾನೇ. ಇವೆರಡೂ ಒಟ್ಟಿಗೆ ಹೊಳೆದಾಗ ಅಜ್ಜಿ ಅದೇ ಚಕ್ರದ ಹತ್ತಿರ ಬಗ್ಗುತ್ತಿದ್ದರು. ಕರ್ಪೂರವನ್ನು ನೆಲಕ್ಕಿಟ್ಟು, ನಿಂಬೆಹಣ್ಣನ್ನು ಚಕ್ರದಡಿಗೆ ಇಡುವುದು ಪದ್ಧತಿ.

‘ಅಜ್ಜೀ!’ ಎಂದು ಕಿರುಚಿದೆ.

ಈಗ ನಾನು ಮತ್ತೆ ಮತ್ತೆ ನೋಡುವುದು ಇಷ್ಟನ್ನೇ. ಅಜ್ಜಿ ಬೆಚ್ಚಿ ನನ್ನ ಕಡೆ ತಿರುಗಿದರು. ತಟ್ಟೆ ವಾಲಿತು. ಕರ್ಪೂರ ಜಾರಿ ಬಿತ್ತು. ನಾನು ಕಿರುಚದೇ ಇದ್ದಿದ್ದರೆ ಅವರು ಅದನ್ನು ಒದ್ದೆ ಮಣ್ಣಿನಿಂದ ಒಂದು ಗೇಣು ಈಚೆಗೆ ಇಡುತ್ತಿದ್ದರೇನೋ. ಅಥವಾ ಒದ್ದೆಯ ಮೇಲೆಯೇ ಇಡುತ್ತಿದ್ದರೇನೋ, ಆಗ ಮುಖವೂ ಅಲ್ಲಿಯೇ ಇರುತ್ತಿತ್ತು. ಗೊತ್ತಾಗುವ ದಾರಿಯಿಲ್ಲ.

ಬುಸ್ ಎಂದಿತು. ಸದ್ದು ದೊಡ್ಡದಲ್ಲ, ಯಾರೋ ದೀಪ ಊದಿದಷ್ಟು. ಬಿಸಿಲಿನಲ್ಲಿ ಉರಿ ಸರಿಯಾಗಿ ಕಾಣಿಸಲೂ ಇಲ್ಲ. ನೆಲದ ಮೇಲಿನ ಗಾಳಿ ನಡುಗಿತು, ಆಮೇಲೆ ಹಳದಿ ಮೇಲೆದ್ದಿತು. ಅಜ್ಜಿಯ ಸೆರಗಿನ ಅಂಚು ಹಿಡಿಯಿತು. ಅವರು ಬರಿಗೈಯಲ್ಲಿ ಅದನ್ನು ಹಿಸುಕುತ್ತಿದ್ದರು. ಅವರ ಬೆನ್ನಿಗೆ ಒಂದು ಮೊಳ ದೂರದಲ್ಲಿ, ನಾನೇ ಅಲ್ಲಾಡಿಸಿ ಅಲ್ಲಾಡಿಸಿ ತುಂಬಿಸಿದ್ದ ಟ್ಯಾಂಕು. ಅದರಲ್ಲಿ ಎಷ್ಟಿದೆ ಎಂದು ಆ ಬೀದಿಯಲ್ಲಿ ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ. ಅದಕ್ಕೇ ಇರಬೇಕು, ನನ್ನ ಕಾಲು ಹಿಂದಕ್ಕೆ ಸರಿಯಿತು. ಮುಂದಕ್ಕಲ್ಲ, ಹಿಂದಕ್ಕೆ. ಬೆನ್ನಿಗೆ ಗೋಡೆ ತಾಗಿದ ಮೇಲೆ ಅದು ನನಗೆ ತಿಳಿಯಿತು.

ಮಗ ಹೊಸಿಲಿನಿಂದ ಹಾರಿ ಬಂದು ತಾಯಿಯನ್ನು ಸೊಂಟಕ್ಕೆ ಹಿಡಿದು ಎಳೆದುಕೊಂಡರು. ಎದುರುಮನೆಯಾಕೆ ಕಂಬಳಿಯ ಅಂಚು ಹಿಡಿದು ಕೊಡವಿದರು. ಶೇಂಗಾ ಬೀದಿ ತುಂಬ ಚೆಲ್ಲಿತು. ಕಂಬಳಿಯನ್ನು ಉರಿಯ ಮೇಲೆ ಬೀಸಿ ಹಾಕಿ, ಮೇಲಿನಿಂದ ಮಣ್ಣು ಎಳೆದರು. ಉಣ್ಣೆ ಸುಟ್ಟ ವಾಸನೆ ಬಂತು. ಉರಿ ಸತ್ತಿತು.

ಆಗ ನನಗೆ ಕೈಕಾಲು ಬಂದವು. ಕಂಬಳಿಯ ಮೇಲೆ ಇನ್ನೂ ಹನಿ ಬೀಳುತ್ತಿತ್ತು. ಅಕ್ಕಪಕ್ಕದ ಮನೆಗಳ ಒಲೆ ಆರಿಸಿ ಎಂದು ಕೂಗಿದೆ. ಯಾರೋ ಗಾಡಿ ಸ್ಟಾರ್ಟ್ ಮಾಡಿ ಆಚೆ ತೆಗೆಯಲು ಹೊರಟರು. ಕೀಲಿ ಕಿತ್ತುಕೊಂಡೆ. ಎಲ್ಲರೂ ಸೇರಿ ಕೈಯಿಂದಲೇ ತಳ್ಳಿ, ಗಾಡಿಯನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ರಬ್ಬರ್ ಪೈಪು ಇಳಿಬಿಟ್ಟು ಕ್ಯಾನಿಗೆ ಪೆಟ್ರೋಲು ಇಳಿಸಿದೆ. ಕ್ಯಾನು ತುಂಬುವ ಮೊದಲೇ ಹನಿ ನಿಂತುಹೋಯಿತು.

ಹುಡುಕುತ್ತಿದ್ದ ಉತ್ತರ ಅದೇ. ಮಲಗಿ ನೋಡಿದೆ. ಪೆಟ್ರೋಲು ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ಕಡೆ ಒಂದು ದಪ್ಪ ರಬ್ಬರ್ ಹೋಸ್ ಇರುತ್ತದೆ. ಅದರ ಕೆಳಮಗ್ಗುಲು, ಹೋಸನ್ನು ಬಿಗಿಯುವ ಕ್ಲಾಂಪಿನ ಪಕ್ಕದಲ್ಲಿ, ವಯಸ್ಸಿಗೆ ಬಿರಿದಿತ್ತು. ಟ್ಯಾಂಕು ತುಂಬಿದಾಗ ಮಾತ್ರ ಆ ಬಿರುಕಿನವರೆಗೆ ಪೆಟ್ರೋಲು ಬರುತ್ತದೆ. ಗಾಡಿ ಕುಲುಕಿದಾಗ ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನ ನೆತ್ತಿಯ ಮೇಲೆ ಚೆಲ್ಲುತ್ತದೆ. ರಸ್ತೆಯ ಗಾಳಿಗೆ ಆವಿಯಾಗುತ್ತದೆ. ಮಟ್ಟ ಇಳಿದ ಮೇಲೆ ಸೋರಿಕೆ ತಾನಾಗಿ ನಿಲ್ಲುತ್ತದೆ. ಗ್ಯಾರೇಜಿಗೆ ಬರುವಾಗೆಲ್ಲ ಟ್ಯಾಂಕು ಕೆಳಗಿರುತ್ತಿತ್ತು, ಆದ್ದರಿಂದ ನಮಗೆ ಕಾಣಲಿಲ್ಲ. ನಾನು ಅಳತೆಗೆಂದು ಹೆಚ್ಚು ತುಂಬಿಸಿದಷ್ಟೂ ಹೆಚ್ಚು ಸೋರಿತು, ಹೆಚ್ಚು ಸೋರಿದಷ್ಟೂ ಲೆಕ್ಕ ಕೆಟ್ಟಿತು. ನನ್ನ ಪರೀಕ್ಷೆ ರೋಗವನ್ನು ಅಳೆಯುತ್ತಿರಲಿಲ್ಲ, ಬೆಳೆಸುತ್ತಿತ್ತು.

ಒಳಗೆ ಅಜ್ಜಿಯ ಬೆರಳನ್ನು ತಣ್ಣೀರಿನ ಚೊಂಬಿನಲ್ಲಿ ಅದ್ದಿಸಿ ಕೂರಿಸಿದ್ದರು. ಮಗ ಬೈಯುತ್ತಿದ್ದರು. ‘ಗಾಡಿ ಹತ್ರ ಯಾರಾದ್ರೂ ಕರ್ಪೂರ ಹಚ್ತಾರೇನೇ? ಬುದ್ಧಿ ಐತಾ ನಿಂಗೆ? ಮೇಡಂ ಕೂಗ್ದೇ ಇದ್ದಿದ್ರೆ ಇವತ್ತು ಏನಾಗ್ತಿತ್ತು!’

ಅಜ್ಜಿ ತಲೆ ತಗ್ಗಿಸಿದ್ದರು. ‘ನಂದೇ ತಪ್ಪು ಬಿಡಪ್ಪಾ. ಆದ್ರೆ ಕಂಪು ಕಂಪು ಅಂತ ಎಷ್ಟ್ ದಿನದಿಂದ ಬಡ್ಕೊಂಡೆ. ಸೀಮೆಎಣ್ಣೆ ಡಬ್ಬಿ ಮ್ಯಾಲೆ ಕೂತಂಗೆ ಆಗ್ತಿತ್ತು. ಯಾರ್ ಕೇಳಿದ್ರಿ?’

ನಾನು ಬಾಗಿಲಲ್ಲೇ ನಿಂತೆ. ‘ಕಂಪು ಅಂದ್ರೆ, ಅಜ್ಜಿ?’

‘ಕಂಪು ಅಂದ್ರೆ ಕಂಪೇ. ಗಬ್ಬು ನಾತ’ ಎಂದರು ಎದುರುಮನೆಯಾಕೆ. ‘ನಮ್ ಕಡೆ ತೆಲುಗಿನಾಗೆ ಹಂಗೇ ಅನ್ನೋದು. ಯಾಕ್ರಿ, ನಿಮ್ಮಲ್ಲಿ ಏನಂತಾರೆ?’

ಮಲ್ಲಿಗೆ ಎಂದರೆ ಕಂಪು, ಮಣ್ಣು ನೆನೆದರೆ ಕಂಪು ಎಂದು ಶಾಲೆಯಿಂದಲೂ ಬರೆದುಕೊಂಡು ಬಂದವಳು ನಾನು. ಹೇಳಿದೆ. ಎದುರುಮನೆಯಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕುಬಿಟ್ಟರು. ‘ಅಯ್ಯೋ ದೇವುಡಾ! ಅತ್ತೆ ನಾತ ಅಂದ್ರೆ ಇವ್ರು ಸುವಾಸನೆ ಅಂದ್ಕೊಂಡವ್ರೆ!’ ಅಜ್ಜಿಯೂ ನಕ್ಕರು. ನೀರಿನಲ್ಲಿ ಬೆರಳಿಟ್ಟುಕೊಂಡೇ ನಕ್ಕರು. ನನಗೆ ನಗು ಬರಲಿಲ್ಲ.

ಸುಮ್ಮನಿರಬಹುದಿತ್ತು. ಆ ಮನೆಯಲ್ಲಿ ಆಗ ತಪ್ಪು ಮಾಡಿದವರು ಅಜ್ಜಿ, ಕಾಪಾಡಿದವಳು ನಾನು. ಹಾಗೆಯೇ ಹೊರಟುಬಿಟ್ಟಿದ್ದರೆ ಬೀದಿಯ ಮಾತು ಹಾಗೆಯೇ ನಿಂತುಬಿಡುತ್ತಿತ್ತು. ಆದರೆ ಆ ತಗ್ಗಿದ ತಲೆಯನ್ನು ನೋಡಿ ಹೊರಡಲಾಗಲಿಲ್ಲ. ನಿಂತಲ್ಲೇ ಹೇಳಿದೆ: ಕರ್ಪೂರದ ತಪ್ಪಲ್ಲ, ಟ್ಯಾಂಕನ್ನು ತುಂಬಬಾರದಷ್ಟು ತುಂಬಿಸಿದವಳು ನಾನು. ದೃಷ್ಟಿ ತೆಗೆಯಿರಿ ಎಂದವಳೂ ನಾನೇ. ನಾನು ಕೂಗಿದ್ದಕ್ಕೇ ತಟ್ಟೆ ಜಾರಿರಬಹುದು. ಆಮೇಲೆ ನಾನು ಹಿಂದಕ್ಕೆ ಸರಿದೆ, ನಿಮ್ಮ ಎದುರುಮನೆಯವರು ಮುಂದಕ್ಕೆ ಬಂದರು.

ಮಾಲೀಕರು ತಾಯಿಯ ಪಕ್ಕದಲ್ಲಿ ನೆಲಕ್ಕೆ ಕೂತರು. ‘ಪರವಾಗಿಲ್ಲ’ ಎನ್ನುತ್ತಾರೆಂದು ನಾನು ಒಳಗೊಳಗೇ ಕಾಯುತ್ತಿದ್ದೆನೇನೋ. ಅವರು ಹಾಗೆ ಅನ್ನಲಿಲ್ಲ.

‘ಕಂಪು ಅಂದ್ರೆ ಏನು ಅಂತ ನನಗ್ ಗೊತ್ತಿತ್ತಲ್ಲ ಮೇಡಂ’ ಎಂದರು. ‘ಆ ಕೊರೊನಾ ಜ್ವರ ಬಂದು ಹೋದಾಗಿಂದ ನನಗೆ ಮೂಗೇ ಇಲ್ಲ, ಯಾವ ವಾಸ್ನೆನೂ ಹತ್ತಲ್ಲ. ಅವ್ವಂಗೆ ವಯಸ್ಸಾಯ್ತು, ಸೀಟು ಮುಗ್ಗಿರಬೇಕು ಅಂತ ಮಲ್ಲಿಗೆ ಬಾಟ್ಲು ತಂದಿಟ್ಟೆ. ಅಂಗಡಿಯೋರು ಸೀರೆ ವಾಪಸ್ ಕೊಟ್ರು, ಆಗ್ಲೂ ಅವ್ವನ ಮಾತು ಕಿವಿಗೆ ಹಾಕ್ಕೊಳ್ಲಿಲ್ಲ. ಅವ್ಳನ್ನ ಅದ್ರ ಮ್ಯಾಲೆ ಕೂರಿಸ್ಕೊಂಡು ತಿರುಗಿದ್ದು ನಾನು. ಅದನ್ನ ನೀವು ಹೆಂಗ್ ಹೊರ್ತೀರಿ?’

ನಾನು ಹೊರಲಾರೆ. ಅವರದು ಅವರಿಗೆ, ನನ್ನದು ನನಗೆ ಎಂಬಂತೆ ಇಬ್ಬರೂ ಸುಮ್ಮನೆ ಕೂತೆವು. ಅಜ್ಜಿಯೇ, ‘ಇಬ್ರೂ ಹಿಂಗ್ ಕೂತ್ರೆ ನನ್ ಬೆರಳಿಗೆ ಔಷಧಿ ತರೋರು ಯಾರು?’ ಎಂದು ಎಬ್ಬಿಸಿದರು.

ಮರುದಿನ ಮೇಸ್ತ್ರಿ ಜೊತೆ ಹೋಗಿ ಹೊಸ ಹೋಸ್ ಹಾಕಿದೆವು. ಕ್ಲಾಂಪುಗಳನ್ನು ಬದಲಿಸಿದೆವು, ಹಿಂದಿನ ಸೀಟು ಕಿತ್ತು ಬಿಸಿಲಿಗಿಟ್ಟೆವು. ಟ್ಯಾಂಕು ತುಂಬಿದ ಮೇಲೆ ಕನ್ನಡಿಯ ತುಂಡು ಹಿಡಿದು ಸುತ್ತಲೂ ನೋಡಿದೆ. ಒಣಗಿತ್ತು. ಮೈಲೇಜು ಮೊದಲಿನಂತಾಯಿತು. ಕೆಲಸದ ಮಟ್ಟಿಗೆ ಇದು ಮುಗಿದ ಕಥೆ.

ಬೆರಳು ಮಾಗಿದ ಮೇಲೆ ಒಂದು ಸೋಮವಾರ ಆ ಕಾರು ಗ್ಯಾರೇಜಿನ ಮುಂದೆ ನಿಂತಿತು. ಅಜ್ಜಿ ಹಿಂದಿನ ಸೀಟಿನಲ್ಲೇ ಇದ್ದರು. ನಾನು ಹತ್ತಿರ ಹೋಗಿ, ಬೇರೇನೂ ತೋಚದೆ, ‘ಈಗ ಕಂಪು ಐತಾ ಅಜ್ಜಿ?’ ಎಂದೆ. ಅವರ ಅರ್ಥದಲ್ಲಿಯೇ ಕೇಳಿದೆ.

‘ಗಾಡಿಯಾಗೆ ಇಲ್ಲ’ ಎಂದು ಅವರು ಗಂಟಿನಿಂದ ಒಂದು ಸೀರೆ ತೆಗೆದರು. ಗಾಢ ನೇರಳೆ, ದಪ್ಪ ಅಂಚು. ‘ಇದ್ರಾಗೆ ಐತೆ. ಅಂಗಡಿಯೋರು ವಾಪಸ್ ಕಳ್ಸಿದ್ದು. ಎಷ್ಟ್ ಗಾಳಿಗೆ ಹಾಕಿದ್ರೂ ಹೋಗವಲ್ದು. ನಿಂಗೆ ಕಂಪು ಅಂದ್ರೆ ಬೋ ಇಷ್ಟ ಅಲ್ವಾ? ಇಟ್ಕೋ.’

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ನಕ್ಕರು. ಮಗ, ‘ಅವ್ವಾ!’ ಎಂದು ಗದರಿದರು. ಅಜ್ಜಿಯ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಕೊಟ್ಟ ಕೈಯ ಎರಡು ಬೆರಳು ಮಾತ್ರ ಸೀರೆಯ ನೇರಳೆಯ ಮೇಲೆ ಬೇರೆಯೇ ಬಣ್ಣದಲ್ಲಿ ಕಾಣುತ್ತಿದ್ದವು.

ನೆರಳಿನಲ್ಲಿ ಹರವಿ ಗಾಳಿಗೆ ಬಿಡು, ಹೋಗುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ಹರವಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ಮಡಿಸಿದಂತೆಯೇ ಇದೆ. ಬಾಗಿಲು ತೆರೆದಾಗ ಆ ಕಂಪು ನನಗೂ ಬರುತ್ತದೆ, ಈಗ.